ಬಾಡಿಗೆ ಮನೆಯ ಯಜಮಾನಿಕೆ

ನಮ್ಮ ನಾಡಿನ ಮಧ್ಯಮವರ್ಗದ ಗೃಹಸ್ಥನು ತನ್ನ ಜೀವಮಾನದ ಉಳಿತಾಯವನ್ನು ಎಲ್ಲಿ ತೊಡಗಿಸಬೇಕೆಂದು ಆಲೋಚಿಸತೊಡಗಿದಾಗ ಅವನ ಮನಸ್ಸು ಮೊದಲು ಓಡುವುದು ಹೊನ್ನಿನ ಕಡೆಗೆ, ಅನಂತರ ಮಣ್ಣಿನ ಕಡೆಗೆ. ಹೊನ್ನು ಪೆಟ್ಟಿಗೆಯೊಳಗೆ ಸುಮ್ಮನೆ ಕುಳಿತಿರುತ್ತದೆ. ಮಣ್ಣಿನ ಮೇಲೆ ಒಂದು ಮನೆಯನ್ನೆಬ್ಬಿಸಿ ಬಾಡಿಗೆಗೆ ಕೊಟ್ಟರೆ ಅದು ತಿಂಗಳು ತಿಂಗಳೂ ದುಡಿದು ತಂದುಕೊಡುತ್ತದೆ ಎಂಬುದು ಅವನ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧದಷ್ಟು ಸತ್ಯವುಂಟು. ಉಳಿದರ್ಧವೇನೆಂದರೆ, ಮನೆಯು ತಾನಾಗಿ ದುಡಿಯುವುದಿಲ್ಲ. ದುಡಿಯಬೇಕಾದವನು ಅದರ ಯಜಮಾನ. ಬಾಡಿಗೆಯೆಂದು ಕೈಗೆ ಬರುವ ಹಣದಲ್ಲಿ ಬಂಡವಾಳಕ್ಕೆ ಸಲ್ಲುವ ಬಡ್ಡಿ ಸ್ವಲ್ಪ, ಯಜಮಾನನ ಮೇಲ್ವಿಚಾರಣೆಗೆ ಸಲ್ಲುವ ಕೂಲಿ ಬಹಳ. ಈ ಒಂದು ಸಂಗತಿಯನ್ನು ಅರಿಯದೆ ಮನೆ ಕೊಂಡವರು ಕೆಲವು ವರ್ಷಗಳಲ್ಲಿಯೇ ಬೇಸತ್ತು ಮಾರಿಬಿಡುತ್ತಾರೆ. ಅರಿತವರು ತಲೆಮಾರುಗಳವರೆಗೆ ಅದನ್ನು ಉಳಿಸಿಕೊಳ್ಳುತ್ತಾರೆ.

ಬೆಂಗಳೂರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ; ಕನ್ನಡ ನಾಡಿನಲ್ಲಿ ಬಾಡಿಗೆಯ ವ್ಯವಹಾರವು ಅಲ್ಲಿ ಬೆಳೆದಷ್ಟು ವಿಸ್ತಾರವಾಗಿ ಮತ್ತೆಲ್ಲಿಯೂ ಬೆಳೆದಿಲ್ಲ. 1898ರಲ್ಲಿ ಪ್ಲೇಗು ಮಾರಿಯು ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕು ಜನರನ್ನು ತಲ್ಲಣಗೊಳಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳು ಬೆಳೆಯತೊಡಗಿದುವು. ಅನುಕೂಲಸ್ಥರು ತಮ್ಮ ನಿವೇಶನದ ಹಿಂಭಾಗದಲ್ಲಿಯೋ ಪಕ್ಕದಲ್ಲಿಯೋ ಸಾಲಾಗಿ ಸಣ್ಣ ಸಣ್ಣ ಮನೆಗಳನ್ನು ಕಟ್ಟಿಸಿ, ನಡುವೆ ಒಂದು ಬಾವಿ ಅಥವಾ ನಲ್ಲಿಯನ್ನು ಇರಿಸಿ, ಗುಮಾಸ್ತರಿಗೂ ಉಪಾಧ್ಯಾಯರಿಗೂ ಬಾಡಿಗೆಗೆ ಕೊಟ್ಟರು, ಇವೇ ವಠಾರಗಳು. ಮುಂದೆ 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ದೂರವಾಣಿ ಕಾರ್ಖಾನೆಯಾದ ಐಟಿಐಯೂ, 1953ರಲ್ಲಿ ಎಚ್‌ಎಂಟಿಯೂ, 1954ರಲ್ಲಿ ಬಿಇಎಲ್ಲೂ ಸ್ಥಾಪಿತವಾದಾಗ ಜಿಲ್ಲೆ ಜಿಲ್ಲೆಗಳಿಂದಲೂ ನೆರೆನಾಡುಗಳಿಂದಲೂ ಬಂದ ನೌಕರರಿಗೆ ತಲೆಯ ಮೇಲೊಂದು ಸೂರು ಬೇಕಾಯಿತು. 1945ರಲ್ಲಿ ಏರ್ಪಟ್ಟ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಹಂಚಿದ 30×40, 40×60 ಅಡಿಗಳ ಸೈಟುಗಳಲ್ಲಿ ಕೆಳಗಡೆ ಯಜಮಾನನ ಸಂಸಾರ, ಮಹಡಿಯ ಮೇಲೆ ಬಾಡಿಗೆಯವರ ಸಂಸಾರ ಎಂಬ ಏರ್ಪಾಡು ಬೆಳೆದು, ನಿವೃತ್ತಿವೇತನಕ್ಕೆ ಅದು ಒಂದು ಊರುಗೋಲಾಯಿತು.

ಹಳೆಯ ಈ ಏರ್ಪಾಡಿನಲ್ಲಿ ಯಜಮಾನನ ಕಣ್ಣು ಸದಾ ಮನೆಯ ಮೇಲಿರುತ್ತಿತ್ತು. ಮೇಲಿನ ಮನೆಯ ಸ್ನಾನದ ಕೋಣೆಯಿಂದ ನೀರು ಒಸರಿದರೆ ಅದು ತೊಟ್ಟಿಕ್ಕುತ್ತಿದ್ದುದು ಅವನ ಅಡಿಗೆಮನೆಯ ಮೇಲೆಯೇ ಆದ್ದರಿಂದ ದುರಸ್ತಿಗೆ ವಿಳಂಬವಾಗುತ್ತಿರಲಿಲ್ಲ. ಕಳೆದ ಶತಮಾನದ ಕೊನೆಯ ದಶಕದಿಂದೀಚೆಗೆ ತಂತ್ರಾಂಶದ ಉದ್ಯಮವು ನಗರಕ್ಕೆ ಲಕ್ಷೋಪಲಕ್ಷ ತರುಣರನ್ನು ತಂದು ಸೇರಿಸಿದ ಮೇಲೆ ಇನ್ನೊಂದು ಬಗೆಯ ಯಜಮಾನನು ಹುಟ್ಟಿಕೊಂಡಿದ್ದಾನೆ: ಅವನು ವಾಸಿಸುವುದು ರಾಜಾಜಿನಗರದಲ್ಲಿ, ಅಥವಾ ದಾವಣಗೆರೆಯಲ್ಲಿ, ಅಥವಾ ಅಮೆರಿಕದಲ್ಲಿ, ಅವನ ಅಪಾರ್ಟ್‌ಮೆಂಟು ಇರುವುದು ವೈಟ್‌ಫೀಲ್ಡಿನಲ್ಲಿ, ಮನೆಗೂ ಅವನಿಗೂ ಇರುವ ಸಂಬಂಧವೆಂದರೆ ಬ್ಯಾಂಕಿನ ಖಾತೆಗೆ ಪ್ರತಿ ತಿಂಗಳು ಬಂದು ಬೀಳುವ ಒಂದು ಮೊತ್ತ. ಇವನನ್ನು ಹೂಡಿಕೆದಾರನೆನ್ನುವುದು ವಾಡಿಕೆ. ಆದರೆ ಕಾನೂನಿಗೂ, ಬಾಡಿಗೆದಾರನಿಗೂ, ಒಸರುವ ಕೊಳಾಯಿಗೂ ಇವನು ಯಜಮಾನನೇ.

ಹೂಡಿಕೆಯೆಂದ ಮೇಲೆ ಮೊದಲು ಲೆಕ್ಕವನ್ನು ನೋಡಬೇಕು. ಒಂದು ಕೋಟಿ ರೂಪಾಯಿಗೆ ಎರಡು ಮಲಗುವ ಕೋಣೆಗಳ ಒಂದು ಅಪಾರ್ಟ್‌ಮೆಂಟನ್ನು ಕೊಂಡು ತಿಂಗಳಿಗೆ 30,000 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದೀರೆಂದು ಇಟ್ಟುಕೊಳ್ಳಿ. ವರ್ಷಕ್ಕೆ 3,60,000 ರೂಪಾಯಿ, ಶೇಕಡ 3.6ರ ಉತ್ಪನ್ನ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ವರ್ಷದಲ್ಲಿ ಸರಾಸರಿ ಒಂದು ತಿಂಗಳು ಮನೆ ಖಾಲಿ ಬಿದ್ದಿರುವುದಾದರೆ 30,000 ಹೋಯಿತು. ಆಸ್ತಿ ತೆರಿಗೆಗೆ 10,000, ಸುಣ್ಣ ಬಣ್ಣ ದುರಸ್ತಿಗಳಿಗೆ ವರ್ಷಕ್ಕೆ ಸರಾಸರಿ 25,000, ಎರಡು ವರ್ಷಕ್ಕೊಮ್ಮೆ ಬಾಡಿಗೆದಾರನನ್ನು ಹುಡುಕಿಕೊಡುವ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆಯಂತೆ ವರ್ಷದ ಪಾಲು 15,000 ಎಂದು ಕಳೆದರೆ ಉಳಿಯುವುದು 2,80,000. ಇದರ ಮೇಲೆ ಆದಾಯ ತೆರಿಗೆಯಿದೆ. ಯಜಮಾನನು ಶೇಕಡ 30ರ ಮೆಟ್ಟಿಲಿನಲ್ಲಿರುವವನಾದರೆ, ಕಾನೂನು ಕೊಡುವ ಕಡಿತಗಳನ್ನೆಲ್ಲ ಕಳೆದ ಮೇಲೆಯೂ ಸುಮಾರು 70,000 ರೂಪಾಯಿ ಸರಕಾರಕ್ಕೆ ಸಲ್ಲುತ್ತದೆ. ಕೈಯಲ್ಲಿ ನಿಲ್ಲುವುದು 2,10,000. ಇತ್ತ ಮನೆಗೆ ತೊಡಗಿಸಿದ ಬಂಡವಾಳವಾದರೂ ಒಂದು ಕೋಟಿಯಷ್ಟೇ ಅಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಮೇಲ್ತೆರಿಗೆಗಳೆಂದು ಕ್ರಯದ ಹೊತ್ತಿಗೇ ಶೇಕಡ 7ಕ್ಕೂ ಮಿಕ್ಕ ಹಣ ಕೊಟ್ಟಾಗಿರುತ್ತದೆ. ಅದನ್ನು ಸೇರಿಸಿ ಎಣಿಸಿದರೆ ನಿವ್ವಳ ಉತ್ಪನ್ನವು ಶೇಕಡ 2ಕ್ಕಿಂತ ತುಸು ಕಡಿಮೆಯೇ.

ಹಾಗಾದರೆ ಬ್ಯಾಂಕಿನ ಠೇವಣಿಯೇ ಲೇಸಲ್ಲವೆ ಎಂದು ಓದುಗರು ಕೇಳಬಹುದು. ಪ್ರತಿ ತಿಂಗಳ ವರಮಾನವೊಂದನ್ನೇ ಗಣಿಸುವುದಾದರೆ ನಿಸ್ಸಂದೇಹವಾಗಿ ಠೇವಣಿಯೇ ಲೇಸು. ಮನೆಯ ಪರವಾಗಿ ಹೇಳತಕ್ಕ ಮಾತುಗಳು ಎರಡು: ಠೇವಣಿಯ ಅಸಲು ಎಷ್ಟಿದ್ದಿತೋ ಅಷ್ಟೇ ಉಳಿದು ಬೆಲೆಯೇರಿಕೆಯ ಮುಂದೆ ಕ್ಷೀಣವಾಗುತ್ತದೆ, ಮನೆಯ ಅಸಲಾದರೋ ಸಾಮಾನ್ಯವಾಗಿ ನೆಲದ ಬೆಲೆಯೊಡನೆ ಏರುತ್ತದೆ, ಠೇವಣಿಯ ಬಡ್ಡಿ ನಿಂತಲ್ಲೇ ನಿಲ್ಲುತ್ತದೆ, ಬಾಡಿಗೆಯಾದರೋ ವರ್ಷ ವರ್ಷವೂ ಕಿಂಚಿತ್ತಾದರೂ ಹೆಚ್ಚುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೆಲೆಯೇರುವುದು ನೆಲಕ್ಕೇ ಹೊರತು ಗಾರೆ ಇಟ್ಟಿಗೆಗಳಿಗಲ್ಲ. ಕಟ್ಟಡವು ದಿನೇ ದಿನೇ ಹಳತಾಗುತ್ತ ಹೋಗುತ್ತದೆ. ಸ್ವಂತ ಸೈಟಿನ ಮೇಲೆ ಕಟ್ಟಿದ ಮನೆಯ ಯಜಮಾನನಿಗೆ ನೆಲವೆಲ್ಲವೂ ತನ್ನದು. ನೂರಾರು ಮನೆಗಳಿರುವ ಸಮುಚ್ಚಯದಲ್ಲಿ ಒಂದನ್ನು ಕೊಂಡವನಿಗೆ ಬರುವುದು ನೆಲದ ಒಂದು ಅವಿಭಕ್ತ ಪಾಲು ಮಾತ್ರ. ಕೊಳ್ಳುವ ಮುನ್ನ ಆ ಪಾಲು ಎಷ್ಟೆಂದು ಕ್ರಯಪತ್ರದ ಕರಡಿನಲ್ಲಿ ಓದಿಕೊಳ್ಳುವುದು ವಿವೇಕ.

ಸಾಲ ಮಾಡಿ ಕೊಳ್ಳುವವರ ಲೆಕ್ಕ ಇನ್ನೂ ಕಠಿನ. ಮೇಲೆ ಹೇಳಿದ ಮನೆಗೆ 75 ಲಕ್ಷವನ್ನು ಶೇಕಡ 8.5ರ ಬಡ್ಡಿಗೆ ಇಪ್ಪತ್ತು ವರ್ಷದ ಅವಧಿಗೆ ಸಾಲ ತಂದರೆ ತಿಂಗಳ ಕಂತು ಸುಮಾರು 65,000 ರೂಪಾಯಿಯಾಗುತ್ತದೆ. ಬಾಡಿಗೆಯಿಂದ ಅದರ ಅರ್ಧವೂ ತೀರದು. ‘ಬಾಡಿಗೆಯೇ ಕಂತು ಕಟ್ಟುತ್ತದೆ’ ಎಂದು ಮಾರುವವರು ಹೇಳುವ ಮಾತನ್ನು ನಂಬಿ ಮುಂದುವರಿದವನು ಪ್ರತಿ ತಿಂಗಳೂ ತನ್ನ ಸಂಬಳದಿಂದ 35,000 ರೂಪಾಯಿ ತೆತ್ತು, ಬಾಡಿಗೆದಾರನಿಗೆ ಮನೆಯೊದಗಿಸಿದಂತಾಗುತ್ತದೆ. ಸಾಲದ ಬಡ್ಡಿಯನ್ನು ತೆರಿಗೆಯಲ್ಲಿ ತೋರಿಸಿ ಉಳಿಸಿಕೊಳ್ಳಬಹುದೆಂಬ ಸಮಾಧಾನವೂ ಈಗ ಮೊಟಕಾಗಿದೆ: ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆಯ ಬಾಬಿನ ನಷ್ಟವನ್ನು ಇತರ ಆದಾಯದೊಡನೆ ವರ್ಷಕ್ಕೆ 2 ಲಕ್ಷದ ಮಿತಿಯೊಳಗೆ ಮಾತ್ರ ಹೊಂದಿಸಿಕೊಳ್ಳಬಹುದು, ಹೊಸ ಪದ್ಧತಿಯಲ್ಲಿ ಸಂಬಳದೊಡನೆ ಹೊಂದಿಸಲು ಅವಕಾಶವೇ ಇಲ್ಲ.

ಲೆಕ್ಕ ಒಪ್ಪಿಗೆಯಾದ ಮೇಲೆ ಕಾಗದಪತ್ರಗಳ ವಿಚಾರ. ಮೂಲಪತ್ರದಿಂದ ಮೊದಲುಗೊಂಡು ಮಾರುವವನವರೆಗೆ ಒಡೆತನದ ಸರಪಳಿ ಕಡಿದಿರಬಾರದು. ಉಪನೋಂದಣಾಧಿಕಾರಿಯ ಕಚೇರಿಯ ಋಣಭಾರ ಪತ್ರದಲ್ಲಿ ಹಳೆಯ ಅಡಮಾನಗಳೇನಾದರೂ ಉಳಿದಿವೆಯೆ ಎಂದು ನೋಡಬೇಕು. ಬೆಂಗಳೂರಿನಲ್ಲಿ 2024ರಿಂದ ನಗರಸಂಸ್ಥೆಯ ಗಣಕೀಕೃತ ದಾಖಲೆಯಾದ ಇ-ಖಾತೆಯಿಲ್ಲದೆ ನೋಂದಣಿಯಾಗುವುದಿಲ್ಲ. ಕ್ರಮಬದ್ಧ ಅನುಮೋದನೆಯಿಲ್ಲದ ಬಿ ಖಾತೆಯ ಸ್ವತ್ತು ಅಗ್ಗವೆಂದು ತೋರಿದರೂ ಅದಕ್ಕೆ ಸಾಲ ಹುಟ್ಟುವುದು ಕಷ್ಟ, ಮುಂದೆ ಮಾರುವುದೂ ಕಷ್ಟ. ಇವೆಲ್ಲಕ್ಕೂ ಸಮನಾದ ಇನ್ನೊಂದು ಪರೀಕ್ಷೆಯುಂಟು, ಅದು ನೀರಿನದು. 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಕಾವೇರಿಯ ಕೊಳಾಯಿ ತಲುಪದ ಹೊರವಲಯಗಳಲ್ಲಿ ಟ್ಯಾಂಕರಿನ ದಾರಿ ಕಾಯುವಂತಾದಾಗ, ಅಮೃತಶಿಲೆಯ ನೆಲವಿರುವ ಮನೆಗಳನ್ನೂ ತೊರೆದು ಜನರು ನೀರಿರುವ ಸಾಧಾರಣ ಮನೆಗಳಿಗೆ ಹೋದರು. ಬಾಡಿಗೆದಾರನು ಮನೆಯನ್ನು ನೋಡಬಂದಾಗ ಕೇಳುವ ಮೊದಲನೆಯ ಪ್ರಶ್ನೆ ‘ನೀರು ಹೇಗೆ?’ ಎಂಬುದೇ ಆಗಿರುವಾಗ, ಕೊಳ್ಳುವವನೂ ಅದನ್ನೇ ಮೊದಲು ಕೇಳಬೇಡವೆ?

ಮನೆ ಕೈಗೆ ಬಂದು, ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಗೇಟಿಗೆ ತೂಗಿ, ಒಬ್ಬರು ಒಪ್ಪಿದರೆಂದ ಮೇಲೆ ಕರಾರು ಪತ್ರ. ಎಲ್ಲೆಡೆಯೂ ಹನ್ನೊಂದು ತಿಂಗಳಿಗೇ ಕರಾರಾಗುವುದು ಏತಕ್ಕೆಂದು ಬಹು ಮಂದಿಗೆ ತಿಳಿಯದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು ವಿಧಿಸಿವೆ. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳುವುದಕ್ಕಾಗಿ ವರ್ಷಕ್ಕೆ ಒಂದು ತಿಂಗಳು ಕಡಿಮೆಮಾಡಿ ಬರೆಯಿಸುವ ಪದ್ಧತಿ ಬೆಳೆದಿದೆ. ಪದ್ಧತಿಯಲ್ಲಿ ದೋಷವಿಲ್ಲ, ದೋಷವಿರುವುದು ಹನ್ನೊಂದು ತಿಂಗಳು ಕಳೆದ ಮೇಲೆ ಪತ್ರವನ್ನು ಮರೆತುಬಿಡುವುದರಲ್ಲಿ. ಅವಧಿ ಮುಗಿದ ಮೇಲೆಯೂ ಬಾಡಿಗೆದಾರನು ಉಳಿದು, ಯಜಮಾನನು ಬಾಡಿಗೆ ತೆಗೆದುಕೊಳ್ಳುತ್ತ ಹೋದರೆ, ವಾಸದ ಮನೆಯ ಮಟ್ಟಿಗೆ ಅದನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಗುತ್ತಿಗೆಯೆಂದೇ ಕಾನೂನು ಎಣಿಸುತ್ತದೆ. ಬೇರೆ ಮಾತಿಲ್ಲದಿದ್ದರೆ ಹದಿನೈದು ದಿನಗಳ ನೋಟೀಸಿನಿಂದ ಇಬ್ಬರಲ್ಲಿ ಯಾರಾದರೂ ಅದನ್ನು ಮುಗಿಸಬಹುದು. ಬಾಡಿಗೆ ಯಾವ ತಾರೀಕಿನೊಳಗೆ, ವರ್ಷಕ್ಕೆ ಎಷ್ಟು ಹೆಚ್ಚಳ, ಬಿಡಲು ಎಷ್ಟು ತಿಂಗಳ ಮುನ್ಸೂಚನೆ, ಸಂಘದ ಮೇಂಟೆನೆನ್ಸ್ ಯಾರದು, ಒಳಬಾಡಿಗೆಗೆ ಕೊಡಬಹುದೆ, ಮನೆಯಲ್ಲಿರುವ ಫ್ಯಾನು, ಗೀಸರು, ನಲ್ಲಿ, ಬೀಗದ ಕೈಗಳು ಎಷ್ಟು ಎಂಬುದೆಲ್ಲವೂ ಪತ್ರದಲ್ಲಿ ಇರಬೇಕು. ಬರೆಯುವಾಗ ಇಬ್ಬರೂ ಸ್ನೇಹಿತರು. ಪತ್ರವು ಬೇಕಾಗುವುದು ಸ್ನೇಹವು ಸಡಿಲವಾದ ದಿನಕ್ಕೆ.

ಅಡ್ವಾನ್ಸಿನ ವಿಚಾರದಲ್ಲಿ ಬೆಂಗಳೂರು ದೇಶದಲ್ಲಿಯೇ ಕುಪ್ರಸಿದ್ಧವಾಗಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆಗೆದುಕೊಳ್ಳುವ ಪದ್ಧತಿಯು ಬಹುಕಾಲದಿಂದ ಬಂದಿದ್ದು, ಈಚೆಗೆ ಐದಾರು ತಿಂಗಳಿಗೆ ಇಳಿದಿರುವುದೂ ಉಂಟು. 2021ರಲ್ಲಿ ಕೇಂದ್ರ ಸರಕಾರವು ರಾಜ್ಯಗಳಿಗೆ ಮಾದರಿಯೆಂದು ಒಪ್ಪಿ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಗಳಿಗೆ ಆರು ತಿಂಗಳ ಮಿತಿಯನ್ನು ಸೂಚಿಸಿತು. ಮಾದರಿಯೆಂಬುದು ರಾಜ್ಯವು ಶಾಸನವಾಗಿ ಅಂಗೀಕರಿಸುವವರೆಗೆ ಸಲಹೆಯಷ್ಟೇ. ಯಜಮಾನನು ಅರಿಯತಕ್ಕದ್ದೇನೆಂದರೆ, ಮುಂಗಡವು ಅವನ ಹಣವಲ್ಲ, ಅವನ ಬಳಿ ಇರುವ ಪರರ ನಿಕ್ಷೇಪ. ಅದನ್ನು ಮಗಳ ಮದುವೆಗೋ ಮೇಲಿನ ಮಹಡಿಗೋ ಬಳಸಿಬಿಟ್ಟು, ಬಾಡಿಗೆದಾರನು ಬಿಟ್ಟುಹೋಗುವ ದಿನ ‘ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡುತ್ತೇನೆ’ ಎನ್ನುವವರು ಅನೇಕರು. ಆ ಹಣವನ್ನು ಪ್ರತ್ಯೇಕವಾದ ಠೇವಣಿಯಲ್ಲಿಟ್ಟು, ಬಡ್ಡಿಯನ್ನು ದುರಸ್ತಿಗೆ ಉಪಯೋಗಿಸಿಕೊಂಡು, ಬೀಗದ ಕೈ ಹಿಂದಿರುಗಿದ ದಿನವೇ ಅಸಲನ್ನು ಕೊಟ್ಟುಬಿಡುವ ಯಜಮಾನನ ಮನೆ ಖಾಲಿ ಉಳಿಯುವುದು ಅಪರೂಪ. ಬಿಟ್ಟುಹೋಗುವವನೇ ತನ್ನ ಕಚೇರಿಯ ಗೆಳೆಯನನ್ನು ಕರೆತರುತ್ತಾನೆ.

ಇದಕ್ಕೆ ಸೇರಿದ ಇನ್ನೊಂದು ವಾಡಿಕೆ ಭೋಗ್ಯ. ಒಂದು ದೊಡ್ಡ ಮೊತ್ತವನ್ನು ಯಜಮಾನನ ಕೈಯಲ್ಲಿಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಮಾಡಿ, ಬಿಡುವಾಗ ಆ ಮೊತ್ತವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದು ಇದರ ಕ್ರಮ. ಯಜಮಾನನಿಗೆ ಬಡ್ಡಿಯಿಲ್ಲದ ಸಾಲ, ವಾಸಿಗೆ ಬಾಡಿಗೆಯಿಲ್ಲದ ಮನೆ. ಎರಡೂ ಕಡೆಯವರು ಪ್ರಾಮಾಣಿಕರಾಗಿರುವವರೆಗೆ ಇದು ಸುಲಭವಾದ ಏರ್ಪಾಡೇ. ಆದರೆ ಯಜಮಾನನು ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು ಕಂತು ತಪ್ಪಿದ್ದರೆ, 2002ರ ಸರ್ಫೇಸಿ ಕಾಯಿದೆಯ ಬಲದಿಂದ ಬ್ಯಾಂಕು ಬಂದು ಬಾಗಿಲಿಗೆ ಬೀಗ ಹಾಕಿದಾಗ ಬೀದಿಗೆ ಬೀಳುವವನು ಭೋಗ್ಯದವನು. ನಡುವೆ ಒಬ್ಬ ಮಧ್ಯವರ್ತಿಯು ಯಜಮಾನನಿಂದ ಬಾಡಿಗೆಗೆ ಹಿಡಿದು, ವಾಸಿಗೆ ಭೋಗ್ಯಕ್ಕೆ ಕೊಟ್ಟು, ಮೊತ್ತದೊಡನೆ ಕಣ್ಮರೆಯಾಗುವ ವಂಚನೆಯೂ ನಗರದಲ್ಲಿ ನಡೆದಿದೆ. ಅಂಥಲ್ಲಿ ಯಜಮಾನನಿಗೆ ಬಾಡಿಗೆಯೂ ಇಲ್ಲ, ಮನೆಯೂ ಬೇಗನೆ ಕೈಗೆ ಬರುವುದಿಲ್ಲ. ಭೋಗ್ಯದ ಪತ್ರವನ್ನು ನೋಂದಣಿ ಮಾಡಿಸಬೇಕು, ಯಜಮಾನನೂ ವಾಸಿಯೂ ಎದುರುಬದುರಾಗಿಯೇ ವ್ಯವಹರಿಸಬೇಕು.

ಇನ್ನು ದುರಸ್ತಿ. ನಮ್ಮಲ್ಲಿ ಯಜಮಾನಿಕೆಯ ಪರೀಕ್ಷೆ ನಡೆಯುವುದು ಇಲ್ಲಿಯೇ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಬಾಬಿಗೆಂದು ಮುಂಗಡದಿಂದ ಮುರಿದುಕೊಳ್ಳುವುದು ಬೆಂಗಳೂರಿನಲ್ಲಿ ಬಹುತೇಕ ಶಾಸನವೇ ಆಗಿಬಿಟ್ಟಿದೆ. ನಿಜವಾದ ಶಾಸನವಾದ 1882ರ ಕಾಯಿದೆಯಾದರೋ ಬೇರೆಯೇ ಹೇಳುತ್ತದೆ: ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿ ಒಪ್ಪಿಸತಕ್ಕದ್ದು, ಆದರೆ ಕಾಲಸಹಜವಾದ ಸವೆತಕ್ಕೆ ಅವನು ಹೊಣೆಯಲ್ಲ. ಎರಡು ವರ್ಷದ ವಾಸದಿಂದ ಗೋಡೆಯ ಬಣ್ಣ ಮಾಸುವುದು ಸವೆತ. ಮೊಳೆ ಹೊಡೆದು ಗಾರೆ ಕಿತ್ತಿರುವುದು ಹಾನಿ. ಮೊದಲನೆಯದನ್ನೂ ಬಾಡಿಗೆದಾರನ ತಲೆಗೆ ಕಟ್ಟಬೇಕಾದರೆ ಕರಾರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿರಬೇಕು. ಅದೇ ಕಾಯಿದೆಯು ಇನ್ನೊಂದು ಮಾತನ್ನೂ ಹೇಳುತ್ತದೆ. ಯಜಮಾನನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕಾನೂನನ್ನು ಬದಿಗಿಟ್ಟು ಲಾಭದೃಷ್ಟಿಯಿಂದಲೇ ನೋಡಿದರೂ, ಮಳೆಗಾಲಕ್ಕೆ ಮುನ್ನ ಮಾಳಿಗೆಯ ಬಿರುಕಿಗೆ ಕೆಲವು ಸಾವಿರ ಖರ್ಚುಮಾಡದವನು ಮರುವರ್ಷ ಕಬ್ಬಿಣದ ಸರಳು ತುಕ್ಕುಹಿಡಿದು ಕಾಂಕ್ರೀಟು ಉದುರುವಾಗ ಲಕ್ಷವನ್ನೇ ತೆರಬೇಕಾಗುತ್ತದೆ. ಪ್ಲಂಬರು, ಎಲೆಕ್ಟ್ರೀಷಿಯನ್, ಗಾರೆ ಕೆಲಸದವನು, ಬಣ್ಣದವನು ಎಂಬ ನಾಲ್ವರು ನಂಬಿಕಸ್ಥರ ಫೋನ್ ಸಂಖ್ಯೆಗಳು ಯಜಮಾನನ ಬಳಿಯಲ್ಲಿ ಇರುವುದು ಮನೆಯ ಕ್ರಯಪತ್ರವಿರುವಷ್ಟೇ ಅವಶ್ಯಕ.

ವಿದ್ಯುತ್ತಿಗೂ ನೀರಿಗೂ ಪ್ರತಿ ಮನೆಗೆ ಪ್ರತ್ಯೇಕ ಮೀಟರು ಇರಿಸುವುದು ಜಗಳಗಳಲ್ಲಿ ಅರ್ಧದಷ್ಟನ್ನು ಹುಟ್ಟುವ ಮೊದಲೇ ನಿವಾರಿಸುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯಲ್ಲಿ ಬಾಡಿಗೆದಾರರೂ ತಮ್ಮ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಗೆ ಆಧಾರ್ ಜೋಡಿಸಿ ಫಲ ಪಡೆಯಲು ಅವಕಾಶವಾದ ಮೇಲೆ, ಒಂದೇ ಮೀಟರಿನ ಕೆಳಗೆ ಮೂರು ಮನೆಗಳನ್ನು ನಡೆಸುತ್ತಿದ್ದ ಯಜಮಾನರಿಗೆ ಈ ಸಂಗತಿ ಚೆನ್ನಾಗಿ ಮನವರಿಕೆಯಾಯಿತು.

ಬಾಡಿಗೆದಾರನನ್ನು ಆರಿಸುವ ವಿಚಾರದಲ್ಲಿ ನಮ್ಮ ಯಜಮಾನರ ಜಾಣ್ಮೆ ಅನೇಕವೇಳೆ ತಪ್ಪು ದಾರಿಯಲ್ಲಿ ವ್ಯಯವಾಗುತ್ತದೆ. ಜಾತಿ ಯಾವುದು, ಮಾಂಸ ತಿನ್ನುತ್ತೀರಾ, ಯಾವ ದೇವರಿಗೆ ನಡೆದುಕೊಳ್ಳುತ್ತೀರಿ, ಮದುವೆಯಾಗಿದೆಯೆ ಎಂದು ಕೇಳುವವರು, ಎಲ್ಲಿ ಕೆಲಸ, ಹಿಂದಿನ ಮನೆಯಲ್ಲಿ ಬಾಡಿಗೆ ಹೇಗೆ ಕೊಡುತ್ತಿದ್ದಿರಿ, ಅಲ್ಲಿಯ ಯಜಮಾನರೊಡನೆ ಮಾತನಾಡಬಹುದೆ ಎಂದು ಕೇಳುವುದನ್ನೇ ಮರೆಯುತ್ತಾರೆ. ಮೊದಲಿನ ಪ್ರಶ್ನೆಗಳಿಂದ ಬಾಡಿಗೆ ಕಾಲಕ್ಕೆ ಬರುವುದೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೇಳಿದವನ ಸಂಕುಚಿತ ಬುದ್ಧಿ ಮಾತ್ರ. ಯೋಗ್ಯರಾದ ಎಷ್ಟೋ ಮಂದಿ ಈ ನೆಪಗಳಿಂದ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿರುವಾಗ ಮನೆಯನ್ನು ಮೂರು ತಿಂಗಳು ಖಾಲಿಯಿಟ್ಟುಕೊಂಡು ಕೂರುವುದು ಅನ್ಯಾಯವೂ ಹೌದು, ನಷ್ಟವೂ ಹೌದು. ಗುರುತಿನ ಚೀಟಿಯ ಪ್ರತಿ, ಉದ್ಯೋಗದ ದಾಖಲೆ, ಪೊಲೀಸರಿಗೆ ಮಾಹಿತಿ ಇಷ್ಟಿದ್ದರೆ ಸಾಕು. ಸ್ವಲ್ಪ ಹೆಚ್ಚು ಕೊಡುತ್ತೇನೆನ್ನುವ ಅಪರಿಚಿತನಿಗಿಂತ, ನಾಲ್ಕು ವರ್ಷ ನೆಮ್ಮದಿಯಿಂದಿದ್ದು ಮನೆಯನ್ನು ತನ್ನದೆಂಬಂತೆ ನೋಡಿಕೊಳ್ಳುವವನೇ ಯಜಮಾನನಿಗೆ ಹೆಚ್ಚು ಲಾಭಕರ. ಮೇಲಿನ ಲೆಕ್ಕದಲ್ಲಿ ಖಾಲಿ ತಿಂಗಳು ಮತ್ತು ದಲ್ಲಾಳಿಯ ಬಾಬುಗಳನ್ನು ಹೊಡೆದುಹಾಕಿ ನೋಡಿದರೆ ಇದು ಅಂಕಿಗಳಲ್ಲಿಯೇ ಕಾಣುತ್ತದೆ.

ಯಜಮಾನರಲ್ಲಿ ಮನೆಮಾಡಿರುವ ಒಂದು ಭೀತಿಯ ಬಗೆಗೂ ಎರಡು ಮಾತು ಅವಶ್ಯಕ. ಬಾಡಿಗೆದಾರನು ಹನ್ನೆರಡು ವರ್ಷ ಇದ್ದುಬಿಟ್ಟರೆ ಮನೆ ಅವನದೇ ಆಗುತ್ತದೆಂದು ಊರೆಲ್ಲ ಹೇಳುತ್ತಾರೆ. ಯಜಮಾನನ ಅನುಮತಿಯಿಂದ, ಬಾಡಿಗೆ ಕೊಟ್ಟುಕೊಂಡು ಇರುವವನಿಗೆ ಎಷ್ಟು ವರ್ಷವಾದರೂ ಒಡೆತನ ಪ್ರಾಪ್ತವಾಗುವುದಿಲ್ಲ. ಪ್ರತಿಕೂಲ ಸ್ವಾಧೀನವೆಂಬುದಕ್ಕೆ ಅನುಮತಿಯಿಲ್ಲದ, ಬಹಿರಂಗವಾದ ವಿರೋಧಸ್ವಾಧೀನ ಬೇಕು. ಈ ಭೀತಿಗೆ ಚಾರಿತ್ರಿಕವಾದ ಬೇರೊಂದು ಮೂಲವಿದೆ. ಮೈಸೂರು ರಾಜ್ಯದ 1951ರ ಬಾಡಿಗೆ ನಿಯಂತ್ರಣ ಕಾಯಿದೆಯೂ, ಅದರ ಸ್ಥಾನಕ್ಕೆ ಬಂದ 1961ರ ಕಾಯಿದೆಯೂ ಮನೆಯ ಅಭಾವದ ಕಾಲದಲ್ಲಿ ಬಾಡಿಗೆದಾರರಿಗೆ ರಕ್ಷಣೆಯಿತ್ತುವು. ಆದರೆ ಬಾಡಿಗೆಯು ಹಳೆಯ ಮಟ್ಟದಲ್ಲಿಯೇ ಹೆಪ್ಪುಗಟ್ಟಿ, ತೆರವು ಮಾಡಿಸಲು ದಶಕಗಳ ದಾವೆ ಬೇಕಾಗಿ, ಅನೇಕ ಯಜಮಾನರು ದುರಸ್ತಿಯ ಆಸಕ್ತಿಯನ್ನೇ ತೊರೆದರು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆಯು ಬೆಂಗಳೂರಿನಂತಹ ಮಹಾನಗರದಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದಿನ ಬಹುತೇಕ ಬಾಡಿಗೆಗಳು ಆ ಮಿತಿಯನ್ನು ದಾಟಿರುವುದರಿಂದ ಅವುಗಳಿಗೆ ಅನ್ವಯಿಸುವುದು 1882ರ ಕಾಯಿದೆ ಮತ್ತು ಉಭಯರ ಕರಾರು. ಆದರೂ ನೋಟೀಸು ಕೊಟ್ಟ ಮಾತ್ರಕ್ಕೆ ಬೀಗ ಒಡೆಯಲು ಯಜಮಾನನಿಗೆ ಅಧಿಕಾರವಿಲ್ಲ. ತೆರವು ನ್ಯಾಯಾಲಯದ ಆಜ್ಞೆಯಿಂದಲೇ ಆಗತಕ್ಕದ್ದು. ಬಲಾತ್ಕಾರದಿಂದ ಹೊರದೂಡಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯು ಹೇಳುತ್ತದೆ.

ತೆರಿಗೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಂದ ಬಾಡಿಗೆಯಲ್ಲಿ ನಗರಸಂಸ್ಥೆಗೆ ಕಟ್ಟಿದ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇಕಡ 30ನ್ನು ದುರಸ್ತಿ ಮುಂತಾದುವುಗಳಿಗೆಂದು ಸರಕಾರವೇ ಬಿಟ್ಟುಕೊಡುತ್ತದೆ. ನೀವು ಒಂದು ರೂಪಾಯಿ ಖರ್ಚುಮಾಡಿದ್ದರೂ ಅಷ್ಟೆ, ಲಕ್ಷ ಖರ್ಚುಮಾಡಿದ್ದರೂ ಅಷ್ಟೆ. ಬೆಂಗಳೂರಿನ ಸ್ವಯಂಘೋಷಣೆಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಆಸ್ತಿ ತೆರಿಗೆಯ ದರವು ಸ್ವಂತ ವಾಸದ ಮನೆಯ ದರಕ್ಕೆ ಇಮ್ಮಡಿ. ಸ್ವಂತ ವಾಸವೆಂದು ಸುಳ್ಳು ಬರೆದವನು ಸಿಕ್ಕಿಬಿದ್ದರೆ ದಂಡ ಸಹಿತವಾಗಿ ಕಟ್ಟಬೇಕು. ಬಾಡಿಗೆಯನ್ನು ಮುಚ್ಚಿಡುವುದೂ ಈಗ ಸುಲಭವಲ್ಲ: ಸಂಬಳದಾರನು ಮನೆ ಬಾಡಿಗೆ ಭತ್ಯದ ವಿನಾಯಿತಿ ಕೇಳುವಾಗ ವರ್ಷದ ಬಾಡಿಗೆ ಒಂದು ಲಕ್ಷಕ್ಕೆ ಮೀರಿದ್ದರೆ ಯಜಮಾನನ ಪ್ಯಾನ್ ಸಂಖ್ಯೆಯನ್ನು ಕೊಡಬೇಕು, ತಿಂಗಳಿಗೆ 50,000 ಮೀರಿದ್ದರೆ ಬಾಡಿಗೆದಾರನೇ ಶೇಕಡ 2ನ್ನು ಮುರಿದು ಸರಕಾರಕ್ಕೆ ಕಟ್ಟಬೇಕು. ಹೊರದೇಶಗಳಲ್ಲಿ ನೆಲಸಿರುವ ಕನ್ನಡಿಗ ಯಜಮಾನರು ವಿಶೇಷವಾಗಿ ಗಮನಿಸತಕ್ಕದ್ದೆಂದರೆ, ಅನಿವಾಸಿಗೆ ಕೊಡುವ ಬಾಡಿಗೆಯಲ್ಲಿ ಮೊತ್ತವೆಷ್ಟೇ ಇರಲಿ ಶೇಕಡ 30ಕ್ಕೂ ಮಿಕ್ಕು ಮುರಿಯಬೇಕೆಂಬ ನಿಯಮವಿದೆ. ಬಾಡಿಗೆದಾರನಿಗೆ ಇದು ತಿಳಿದಿರುವುದಿಲ್ಲ. ತಿಳಿಸುವುದು ಯಜಮಾನನ ಧರ್ಮ.

ಇಷ್ಟೆಲ್ಲ ಹೊಣೆಯನ್ನು ಹೊರಲಾರದೆ, ಕಟ್ಟಡಗಳ ವರಮಾನದಲ್ಲಿ ಮಾತ್ರ ಪಾಲು ಬೇಕೆನ್ನುವವರಿಗೆ ಈಗ ಬೇರೆ ದಾರಿಯೂ ಉಂಟು. ಕಚೇರಿ ಕಟ್ಟಡಗಳ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ರೀಟ್ ಎಂಬ ನ್ಯಾಸಗಳಿಗೆ ಷೇರು ಪೇಟೆಯ ನಿಯಂತ್ರಕವಾದ ಸೆಬಿಯು 2014ರಲ್ಲಿ ನಿಯಮಗಳನ್ನು ರಚಿಸಿತು. ಅವುಗಳಲ್ಲಿ ದೇಶದ ಮೊದಲನೆಯದಾದ, ಬೆಂಗಳೂರು ಮೂಲದ ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್ 2019ರಲ್ಲಿ ಷೇರು ಪೇಟೆಗೆ ಬಂದಿತು. ಹಂಚಬಹುದಾದ ಹಣದಲ್ಲಿ ಶೇಕಡ 90ಕ್ಕೆ ಕಡಮೆಯಿಲ್ಲದಂತೆ ಇವು ಹಂಚಬೇಕು. ಇಲ್ಲಿ ಕೊಳಾಯಿ ಒಸರುವ ಚಿಂತೆಯಿಲ್ಲ. ಆದರೆ ಪೇಟೆಯ ಏರಿಳಿತದ ಚಿಂತೆಯಿದೆ. 2020ರಲ್ಲಿ ಕೊರೋನಾ ಹರಡಿ ತರುಣರೆಲ್ಲ ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿ ಪಿ.ಜಿ. ಎಂಬ ವಸತಿಗೃಹಗಳು ಬರಿದಾದಾಗ, ಸಾಲ ಮಾಡಿ ಕಟ್ಟಡವೆಬ್ಬಿಸಿದವರು ಕಲಿತ ಪಾಠವೂ ಇದೇ: ಬಾಡಿಗೆಯೆಂಬುದು ಖಚಿತವಾದ ವೇತನವಲ್ಲ, ಕಾಲದೊಡನೆ ಏರಿಳಿಯುವ ಬೆಳೆ. ಆರು ತಿಂಗಳು ಮನೆ ಖಾಲಿಯಿದ್ದರೂ ಕಂತು ತಪ್ಪದಷ್ಟು ಹಣವನ್ನು ಕೈಯಲ್ಲಿಟ್ಟುಕೊಳ್ಳದೆ ಈ ಕೃಷಿಗೆ ಇಳಿಯಬಾರದು.

ಕಡೆಯ ಮಾತು ಇಷ್ಟು. ತಿಂಗಳಲ್ಲಿ ಒಂದು ಭಾನುವಾರದ ಬೆಳಗನ್ನು ತನ್ನ ಬಾಡಿಗೆ ಮನೆಗಾಗಿ ಮೀಸಲಿಡಲಾರದವನು, ಅಥವಾ ಇಡಬಲ್ಲ ನಂಬಿಕಸ್ಥನೊಬ್ಬನಿಗೆ ಸಂಭಾವನೆ ಕೊಡಲಾರದವನು, ಹಣವನ್ನು ಬ್ಯಾಂಕಿನಲ್ಲಿಡುವುದು ಕ್ಷೇಮ. ಇಡಬಲ್ಲವನು ಮೊದಲು ಒಂದೇ ಮನೆಯನ್ನು, ತಾನು ವಾಸಿಸುವ ಸ್ಥಳಕ್ಕೆ ಸಮೀಪದಲ್ಲಿ, ನೀರಿರುವ ಕಡೆಯಲ್ಲಿ, ನಿಷ್ಕಳಂಕವಾದ ಕಾಗದಪತ್ರಗಳೊಡನೆ, ಹಗುರವಾದ ಸಾಲದಿಂದ ಕೊಳ್ಳಲಿ. ಐದು ವರ್ಷ ಅದನ್ನು ನಡೆಸಿ, ವರ್ಷ ವರ್ಷದ ಜಮಾಖರ್ಚನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಎರಡನೆಯ ಮನೆಯನ್ನು ಕೊಳ್ಳಬೇಕೆ ಬೇಡವೆ ಎಂಬುದಕ್ಕೆ ಆ ಪುಸ್ತಕಕ್ಕಿಂತ ಪ್ರಾಮಾಣಿಕನಾದ ಸಲಹೆಗಾರನು ಅವನಿಗೆ ದೊರೆಯಲಾರನು.